ನೀರು ಹೋಯಿತು, ಕೋರ್ಟು ಉಳಿಯಿತು

ಅಲಾಸ್ಕವನ್ನು ಬದಿಗಿಟ್ಟರೆ ಅಮೆರಿಕದ ಅತಿ ಎತ್ತರದ ಶಿಖರ ಮೌಂಟ್ ವಿಟ್ನಿ, 4,421 ಮೀಟರ್. ಇಡೀ ಉತ್ತರ ಅಮೆರಿಕದಲ್ಲೇ ಅತಿ ತಗ್ಗಿನ ನೆಲ ಡೆತ್ ವ್ಯಾಲಿಯ ಬ್ಯಾಡ್‌ವಾಟರ್. ಸಮುದ್ರಮಟ್ಟಕ್ಕಿಂತ 86 ಮೀಟರ್ ಕೆಳಗೆ. ನಕ್ಷೆಯ ಮೇಲೆ ನೇರ ಗೆರೆ ಎಳೆದರೆ ಎರಡರ ನಡುವೆ 140 ಕಿಲೋಮೀಟರ್ ಕೂಡ ಇಲ್ಲ. ಶಿಖರವು ಕ್ಯಾಲಿಫೋರ್ನಿಯಾ ರಾಜ್ಯದ ಇನ್ಯೋ ಕೌಂಟಿಯ ಪಶ್ಚಿಮದ ಗಡಿಯ ಮೇಲಿದೆ, ತಗ್ಗು ಅದೇ ಕೌಂಟಿಯ ಪೂರ್ವದ ಮಗ್ಗುಲಲ್ಲಿದೆ. ಈ ಎರಡರ ನಡುವೆ ಎಲ್ಲೇ ಜಮೀನು ಕೈಬದಲಾಗಲಿ, ಚುನಾವಣೆ ನಡೆಯಲಿ, ಕೊಲೆಯಾಗಲಿ, ಅದರ ಕಾಗದ ಕೊನೆಗೆ ಬಂದು ಸೇರುವುದು ಇಂಡಿಪೆಂಡೆನ್ಸ್ ಎಂಬ ಊರಿಗೆ. 2010ರ ಜನಗಣತಿಯ ಪ್ರಕಾರ ಆ ಊರಿನ ಜನಸಂಖ್ಯೆ 669.

ಅದು ಇನ್ಯೋ ಕೌಂಟಿಯ ಆಡಳಿತ ಕೇಂದ್ರ. ಅಮೆರಿಕದ ಬಹುತೇಕ ರಾಜ್ಯಗಳು ಕೌಂಟಿಗಳಾಗಿ ಒಡೆದುಕೊಂಡಿವೆ. ಸಾಮಾನ್ಯವಾಗಿ ಒಂದೊಂದು ಕೌಂಟಿಗೂ ಕೋರ್ಟು, ಜೈಲು, ನೋಂದಣಿ ಕಚೇರಿ ಇರುವ ಒಂದು ಕೇಂದ್ರ ಊರಿದೆ. ಅದನ್ನು ನಮ್ಮ ಜಿಲ್ಲಾ ಕೇಂದ್ರವೆಂದು ತಿಳಿದರೆ ಅರ್ಧ ಸರಿ. ಇನ್ಯೋ ಕೌಂಟಿಯ ವಿಸ್ತಾರ ಸುಮಾರು 26,500 ಚದರ ಕಿಲೋಮೀಟರ್; ಕರ್ನಾಟಕದ ಅತಿ ದೊಡ್ಡ ಜಿಲ್ಲೆಯಾದ ಬೆಳಗಾವಿಯ ಹೆಚ್ಚುಕಡಿಮೆ ಎರಡು ಪಟ್ಟು. ಬೆಳಗಾವಿಯಲ್ಲಿ 2011ರ ಗಣತಿಯಂತೆ 47 ಲಕ್ಷಕ್ಕೂ ಹೆಚ್ಚು ಜನ. ಇನ್ಯೋದಲ್ಲಿ 2020ರ ಗಣತಿಯಂತೆ 19,016 ಮಂದಿ.

ಹೋಲಿಕೆ ತಪ್ಪುವುದು ಅಧಿಕಾರದ ವಿಷಯದಲ್ಲಿ. ಅಲ್ಲಿ ರಾಜಧಾನಿಯಿಂದ ವರ್ಗವಾಗಿ ಬಂದು, ಮತ್ತೆ ವರ್ಗವಾಗಿ ಹೋಗುವ ಜಿಲ್ಲಾಧಿಕಾರಿ ಇಲ್ಲ. ಐವರು ಮೇಲ್ವಿಚಾರಕರ ಮಂಡಳಿಯನ್ನು ಜನರೇ ಆರಿಸುತ್ತಾರೆ. ಪೊಲೀಸ್ ಮುಖ್ಯಸ್ಥನಾದ ಶೆರೀಫ್, ಸರ್ಕಾರದ ಪರ ಮೊಕದ್ದಮೆ ನಡೆಸುವ ವಕೀಲ, ಆಸ್ತಿಗೆ ಬೆಲೆ ಕಟ್ಟುವ ಅಧಿಕಾರಿ, ದಸ್ತಾವೇಜು ದಾಖಲಿಸುವ ಅಧಿಕಾರಿ ಇವರೆಲ್ಲರೂ ಓಟು ಗೆದ್ದು ಬಂದವರು. ಇಂಡಿಪೆಂಡೆನ್ಸ್‌ಗೆ ಪುರಸಭೆಯಿಲ್ಲ, ಮೇಯರ್ ಇಲ್ಲ. ಕೌಂಟಿಯಲ್ಲಿ ಪುರಸಭೆ ಇರುವ ಊರು ಬಿಷಪ್ ಒಂದೇ. ಅದು ಉತ್ತರಕ್ಕೆ 65 ಕಿಲೋಮೀಟರ್ ದೂರದಲ್ಲಿದೆ, ಇಂಡಿಪೆಂಡೆನ್ಸ್‌ಗಿಂತ ಹಲವು ಪಟ್ಟು ದೊಡ್ಡದು. ಅಂಗಡಿ, ಆಸ್ಪತ್ರೆ, ಹೋಟೆಲುಗಳೆಲ್ಲ ಅಲ್ಲೇ ಹೆಚ್ಚು. ಆದರೂ ಕೋರ್ಟಿನ ಕಂಬಗಳು ನಿಂತಿರುವುದು ಇಂಡಿಪೆಂಡೆನ್ಸ್‌ನಲ್ಲಿ. ಸೇನೆ ಬಿಟ್ಟುಹೋದ, ರೈಲು ಮುಟ್ಟದ, ನದಿಯನ್ನೇ ಕಳೆದುಕೊಂಡ ಈ ಊರು ಇನ್ನೂ ಭೂಪಟದ ಮೇಲೆ ಏಕಿದೆ ಎಂದು ಕೇಳಿದರೆ, ಕಚೇರಿ ಇರುವುದರಿಂದ ಎಂಬುದೇ ಉತ್ತರ. ಆ ಕಚೇರಿ ಏನೇನು ಮಾಡಿತು, ಏನನ್ನು ಮಾಡಲಾಗಲಿಲ್ಲ ಎಂಬುದೇ ಊರಿನ ಚರಿತ್ರೆ.

ಮೊದಲು ನೆಲ. ಇಂಡಿಪೆಂಡೆನ್ಸ್ ಇರುವುದು ಓವೆನ್ಸ್ ಕಣಿವೆಯಲ್ಲಿ, ಸಮುದ್ರಮಟ್ಟದಿಂದ ಸುಮಾರು 1,200 ಮೀಟರ್ ಎತ್ತರದಲ್ಲಿ. ಪಶ್ಚಿಮಕ್ಕೆ ಸಿಯೆರಾ ನೆವಾಡ ಶ್ರೇಣಿ 4,000 ಮೀಟರ್ ದಾಟಿ ಗೋಡೆಯಂತೆ ಎದ್ದಿದೆ. ಪೂರ್ವಕ್ಕೆ ಇನ್ಯೋ ಬೆಟ್ಟಗಳು. ಎರಡೂ ಕಡೆಯ ನೆಲ ಏರುತ್ತ, ನಡುವಿನದು ಕುಸಿಯುತ್ತ ಬಂದು ಕಣಿವೆಯಾಗಿದೆ. ಆ ಚಲನೆ ಇನ್ನೂ ನಿಂತಿಲ್ಲ. ಪೆಸಿಫಿಕ್ ಸಾಗರದ ಮೋಡಗಳು ಸಿಯೆರಾದ ಆಚೆ ಮಗ್ಗುಲಿನಲ್ಲೇ ತಮ್ಮ ನೀರನ್ನೆಲ್ಲ ಸುರಿದು ಖಾಲಿಯಾಗುತ್ತವೆ. ಈಚೆ ಬದಿ ಮಳೆನೆರಳು, ಊರಿಗೆ ವರ್ಷವಿಡೀ ಬೀಳುವ ಮಳೆ 13 ಸೆಂಟಿಮೀಟರ್ ಆಸುಪಾಸು.

ಮಳೆ ಇಲ್ಲದಿದ್ದರೂ ಕಣಿವೆಯಲ್ಲಿ ನೀರಿತ್ತು. ಸಿಯೆರಾದ ನೆತ್ತಿಯ ಮೇಲೆ ಚಳಿಗಾಲದಲ್ಲಿ ಬಿದ್ದ ಹಿಮ ಬೇಸಗೆಯಲ್ಲಿ ಕರಗಿ, ಹತ್ತಾರು ತೊರೆಗಳಾಗಿ ಇಳಿದು ಓವೆನ್ಸ್ ನದಿಯನ್ನು ಸೇರುತ್ತಿತ್ತು. ನದಿ ದಕ್ಷಿಣಕ್ಕೆ ಹರಿದು ಓವೆನ್ಸ್ ಸರೋವರದಲ್ಲಿ ಕೊನೆಗೊಳ್ಳುತ್ತಿತ್ತು, ಸಮುದ್ರಕ್ಕೆ ದಾರಿಯಿರಲಿಲ್ಲ. ಬೇಸಗೆಯಲ್ಲೇ ತುಂಬಿ ಹರಿಯುವ ಹೊಳೆ, ಸಾವಿರ ಮೀಟರಿಗಿಂತ ಎತ್ತರದ ಕಣಿವೆ, ಕೆಳಗೆ ದಕ್ಷಿಣದಲ್ಲಿ ಬಾಯಾರಿದ ಕರಾವಳಿ. ಭೂಗೋಳ ತನ್ನ ಕೆಲಸವನ್ನು ಮುಗಿಸಿ ಇಟ್ಟಿತ್ತು. ಒಬ್ಬ ಎಂಜಿನಿಯರ್ ಬಂದು ಲೆಕ್ಕ ಹಾಕುವುದಷ್ಟೇ ಬಾಕಿ.

ನೀರಿನ ಬೆಲೆ ಅರಿತವರಲ್ಲಿ ಎಂಜಿನಿಯರುಗಳೇ ಮೊದಲಿಗರಲ್ಲ. ಕಣಿವೆಯ ಮೂಲನಿವಾಸಿಗಳಾದ ಪಯೂಟ್ ಜನ ತೊರೆಗಳಿಗೆ ಒಡ್ಡು ಕಟ್ಟಿ, ಉದ್ದನೆಯ ಕಾಲುವೆ ತೋಡಿ, ಗೆಡ್ಡೆ ಬಿಡುವ ಕಾಡುಸಸ್ಯಗಳಿಗೆ ನೀರು ಹಾಯಿಸುತ್ತಿದ್ದರು. ಬಿತ್ತದೆ ನೀರುಣಿಸುವ ಬೇಸಾಯ ಅದು. ನೀರು ಬಿಡುವ ಹೊಣೆಯನ್ನು ಊರವರು ಸೇರಿ ಒಬ್ಬನಿಗೆ ವಹಿಸುತ್ತಿದ್ದರು. ಎಲ್ಲಿಗೆ ಎಷ್ಟು ನೀರು, ಯಾರ ಅಪ್ಪಣೆಯಿಂದ ಎಂಬ ಪ್ರಶ್ನೆ ಆ ಕಣಿವೆಯಲ್ಲಿ ಕೋರ್ಟಿಗಿಂತ ಹಳೆಯದು.

1861ರಲ್ಲಿ ಚಾರ್ಲ್ಸ್ ಪಟ್ನಮ್ ಎಂಬ ವ್ಯಾಪಾರಿ ಲಿಟ್ಲ್ ಪೈನ್ ತೊರೆಯ ಪಕ್ಕದಲ್ಲಿ ಕಲ್ಲಿನ ಮನೆ ಕಟ್ಟಿ ಅಂಗಡಿಯಿಟ್ಟ. ಅದೇ ಕಾಲಕ್ಕೆ ಗಣಿ ಶಿಬಿರಗಳಿಗೆ ಮಾಂಸ ಪೂರೈಸುವ ದನಗಾಹಿಗಳು ಕಣಿವೆಗೆ ಮಂದೆ ತಂದರು. ಪಯೂಟರು ನೀರುಣಿಸಿ ಬೆಳೆಸಿದ ಸಸ್ಯಗಳನ್ನು ದನ ಮೇಯ್ದವು. ಆ ಚಳಿಗಾಲ ಕ್ಯಾಲಿಫೋರ್ನಿಯಾ ಕಂಡ ಭೀಕರ ಚಳಿಗಾಲಗಳಲ್ಲೊಂದು, ಬೇಟೆಯೂ ಸಿಗಲಿಲ್ಲ. ಹಸಿದ ಪಯೂಟರು ದನಗಳನ್ನು ಕೊಂದರು, ದನಗಾಹಿಗಳು ಪಯೂಟರನ್ನು ಕೊಂದರು, ಜಗಳ ಯುದ್ಧವಾಯಿತು. 1862ರ ಜುಲೈ 4ರಂದು ಕ್ಯಾಲಿಫೋರ್ನಿಯಾದ ಅಶ್ವಪಡೆ ಓಕ್ ತೊರೆಯ ದಂಡೆಯಲ್ಲಿ ಬೀಡುಬಿಟ್ಟಿತು. ಅಂದು ಅಮೆರಿಕದ ಸ್ವಾತಂತ್ರ್ಯ ದಿನ. ಶಿಬಿರಕ್ಕೆ ಕ್ಯಾಂಪ್ ಇಂಡಿಪೆಂಡೆನ್ಸ್ ಎಂದು ಹೆಸರಿಟ್ಟರು. ಮರುವರ್ಷ ಅದೇ ಜುಲೈ ತಿಂಗಳಲ್ಲಿ ಅಲ್ಲಿಂದ ಸುಮಾರು 900 ಪಯೂಟರನ್ನು ಸೈನಿಕರ ಕಾವಲಿನಲ್ಲಿ ನೂರಾರು ಕಿಲೋಮೀಟರ್ ದೂರದ ಫೋರ್ಟ್ ಟಿಹೋನ್‌ಗೆ ನಡೆಸಿಕೊಂಡು ಹೋದರು. ದಾರಿಯಲ್ಲಿ ಸತ್ತವರಿದ್ದರು, ತಪ್ಪಿಸಿಕೊಂಡವರಿದ್ದರು. ಹಲವರು ಕೆಲಕಾಲದ ಮೇಲೆ ಮರಳಿ ಬಂದು, ತಮ್ಮದೇ ನೆಲದಲ್ಲಿ ಬೇರೆಯವರ ಹೊಲಕ್ಕೆ ಕೂಲಿಗೆ ನಿಂತರು. ಸ್ವಾತಂತ್ರ್ಯ ಎಂಬ ಹೆಸರಿನ ಊರು ಹುಟ್ಟಿದ್ದು ಹೀಗೆ.

1866ರಲ್ಲಿ ರಾಜ್ಯದ ಶಾಸನಸಭೆ ಇನ್ಯೋ ಕೌಂಟಿಯನ್ನು ರಚಿಸಿತು. ಅದೇ ವರ್ಷ ಥಾಮಸ್ ಎಡ್ವರ್ಡ್ಸ್ ಎಂಬವರು ಪಟ್ನಮ್ಮನ ಅಂಗಡಿಯ ಸುತ್ತ ಬೀದಿ, ನಿವೇಶನ ಅಳೆದು ಊರಿನ ನಕ್ಷೆ ಹಾಕಿಸಿದರು. ಆಡಳಿತ ಕೇಂದ್ರ ಯಾವುದಾಗಬೇಕು ಎಂಬಲ್ಲಿ ಇಂಡಿಪೆಂಡೆನ್ಸ್‌ಗೆ ಎದುರಾಳಿಯಾಗಿ ನಿಂತದ್ದು ಕಿಯರ್‌ಸಾರ್ಜ್ ಎಂಬ ಬೆಳ್ಳಿ ಗಣಿಯ ಶಿಬಿರ. ಆ ಹೆಸರಿಗೂ ಒಂದು ಕಥೆಯಿದೆ. ಅಮೆರಿಕದ ಉತ್ತರ, ದಕ್ಷಿಣ ರಾಜ್ಯಗಳ ನಡುವಿನ ಅಂತರ್ಯುದ್ಧದ ದಿನಗಳಲ್ಲಿ ದಕ್ಷಿಣದ ಪರ ಒಲವಿದ್ದ ಗಣಿಗಾರರು, ಉತ್ತರದ ವ್ಯಾಪಾರಿ ಹಡಗುಗಳನ್ನು ಮುಳುಗಿಸುತ್ತಿದ್ದ ಅಲಬಾಮ ಎಂಬ ಯುದ್ಧನೌಕೆಯ ಹೆಸರನ್ನು ಲೋನ್ ಪೈನ್ ಎಂಬ ಊರಿನ ಬಳಿಯ ಗುಡ್ಡಗಳಿಗಿಟ್ಟಿದ್ದರು. 1864ರ ಜೂನ್‌ನಲ್ಲಿ ಉತ್ತರದ ಕಿಯರ್‌ಸಾರ್ಜ್ ನೌಕೆ ಫ್ರಾನ್ಸ್ ಕರಾವಳಿಯ ಹತ್ತಿರ ಅಲಬಾಮವನ್ನು ಮುಳುಗಿಸಿತು. ಉತ್ತರದ ಪರ ಗಣಿಗಾರರು ಕೂಡಲೇ ತಮ್ಮ ಗಣಿಗೆ ಕಿಯರ್‌ಸಾರ್ಜ್ ಎಂದು ಹೆಸರಿಟ್ಟು ಸೇಡು ತೀರಿಸಿಕೊಂಡರು. ಸಾಗರ ಕಾಣದ ಕಣಿವೆಯಲ್ಲಿ ಎರಡು ಹಡಗುಗಳು ಇಂದಿಗೂ ಎದುರುಬದುರಾಗಿವೆ.

ಕಿಯರ್‌ಸಾರ್ಜ್ ಸೋತಿತು, ಇಂಡಿಪೆಂಡೆನ್ಸ್ ಗೆದ್ದಿತು. ಬೆಟ್ಟದ ಮೇಲಿನ ಆ ಗಣಿ ಶಿಬಿರವನ್ನು ಹಿಮಕುಸಿತ ಕೆಡವಿತು, ಅದಿರೂ ಬತ್ತಿತು. ಈಗ ಹೆಸರಷ್ಟೇ ಉಳಿದಿದೆ. ಇದು ಆ ಸೀಮೆಯ ಬಹುತೇಕ ಊರುಗಳ ಪಾಡು. ಓವೆನ್ಸ್ ಸರೋವರದ ಮೇಲಿನ ಬೆಟ್ಟದಲ್ಲಿದ್ದ ಸೆರ್ರೊ ಗೋರ್ಡೊ ಗಣಿ 1870ರ ದಶಕದಲ್ಲಿ ಬೆಳ್ಳಿ, ಸೀಸವನ್ನು ರಾಶಿ ರಾಶಿಯಾಗಿ ಕೊಟ್ಟಿತು. ಲೋಹದ ಗಟ್ಟಿಗಳನ್ನು ಸರೋವರದಾಚೆ ಸಾಗಿಸಲು 1872ರಲ್ಲಿ ಬೆಸ್ಸಿ ಬ್ರೇಡಿ ಎಂಬ ಉಗಿದೋಣಿಯನ್ನೇ ನೀರಿಗಿಳಿಸಿದ್ದರು. ಅಲ್ಲಿಂದ ಹೇಸರಗತ್ತೆಗಳ ಗಾಡಿಗಳು ಲಾಸ್ ಏಂಜಲೀಸ್‌ಗೆ ಹೊರಡುತ್ತಿದ್ದವು. ಆಗ ಸಣ್ಣ ಊರಾಗಿದ್ದ ಲಾಸ್ ಏಂಜಲೀಸ್ ಈ ವ್ಯಾಪಾರದಿಂದ ಚೆನ್ನಾಗಿ ಕಾಸು ಮಾಡಿಕೊಂಡಿತು. ನೀರಿಗೂ ಮೊದಲು ಅದು ಇನ್ಯೋದಿಂದ ಪಡೆದದ್ದು ಬೆಳ್ಳಿ.

ಗಣಿ ಮುಗಿದ ಮೇಲೆ ಸೆರ್ರೊ ಗೋರ್ಡೊದಲ್ಲಿ ಯಾರೂ ಉಳಿಯಬೇಕಾಗಿರಲಿಲ್ಲ. ಆದರೆ ಕೌಂಟಿಯ ಕಂದಾಯ ಲೆಕ್ಕ, ಗಣಿ ಹಕ್ಕಿನ ಪತ್ರ, ತೊರೆಗಳ ನೀರಿನ ಹಕ್ಕು, ಉಯಿಲು, ಕೈದಿಗಳು ಎಲ್ಲ ಇಂಡಿಪೆಂಡೆನ್ಸ್‌ನಲ್ಲೇ ಇದ್ದುದರಿಂದ ಅಲ್ಲಿ ಗುಮಾಸ್ತರು, ವಕೀಲರು, ಅವರಿಗೆ ಊಟ ಹಾಕುವವರು ಇರಲೇಬೇಕಾಯಿತು.

ಕೋರ್ಟು ಉಳಿದದ್ದು ಸುಲಭವಾಗಿಯೂ ಅಲ್ಲ. ಇಂದು ಕಾಣುವುದು ನಾಲ್ಕನೆಯ ಕಟ್ಟಡ. ಮೊದಲನೆಯದನ್ನು ಕೆಡವಿದ್ದು 1872ರ ಮಾರ್ಚ್ 26ರ ಭೂಕಂಪ. ನಸುಕಿಗೂ ಮುನ್ನ ಎರಡೂವರೆ ಗಂಟೆಯ ಹೊತ್ತಿನಲ್ಲಿ ಕಣಿವೆಯ ಬಿರುಕು ಜರುಗಿತು. ದಕ್ಷಿಣದ ಲೋನ್ ಪೈನ್ ಊರಿನ 59 ಮನೆಗಳಲ್ಲಿ 52 ಉರುಳಿದವು, ಸತ್ತವರು 27. ಹಸಿ ಇಟ್ಟಿಗೆಯ ಗೋಡೆಗಳೇ ಸಾವಿಗೆ ಕಾರಣವಾದವು. ಸಿಯೆರಾದ ಆಚೆ ಯೊಸೆಮಿಟಿಯಲ್ಲಿದ್ದ ನಿಸರ್ಗಪ್ರೇಮಿ ಜಾನ್ ಮ್ಯೂರ್ ಕೂಡ ಅದರ ಏಟಿಗೆ ಎಚ್ಚೆತ್ತು ಹೊರಗೆ ಓಡಿಬಂದರು. ಸೇನೆ ಕುಸಿದ ತನ್ನ ಶಿಬಿರವನ್ನು ಈ ಬಾರಿ ಮರದಲ್ಲಿ ಕಟ್ಟಿಕೊಂಡಿತು, ಆದರೆ 1877ರಲ್ಲಿ ಖಾಲಿಮಾಡಿ ಹೊರಟುಹೋಯಿತು. ಸೇನಾಧಿಕಾರಿಯ ಮರದ ಮನೆಯನ್ನು ಊರವರು ಊರೊಳಗೆ ಸಾಗಿಸಿ ನಿಲ್ಲಿಸಿಕೊಂಡರು. ಅದು ಈಗಲೂ ಅಲ್ಲಿದೆ. ಎರಡನೆಯ ಕೋರ್ಟು 1886ರಲ್ಲಿ ಊರನ್ನೇ ಸುಟ್ಟ ಬೆಂಕಿಗೆ ಹೋಯಿತು. ಮೂರನೆಯದನ್ನು ಬಿಟ್ಟು, ದಪ್ಪ ಕಂಬಗಳ ಇಂದಿನ ಕಟ್ಟಡ ಕಟ್ಟಿದ್ದು 1921ರಲ್ಲಿ. ಕೌಂಟಿಯ ಹಿಡಿತ ಎಲ್ಲಿಯವರೆಗೆ ಎಂಬುದಕ್ಕೆ ಒಂದು ಉದಾಹರಣೆ ಸಾಕು. 1969ರ ಅಕ್ಟೋಬರ್‌ನಲ್ಲಿ ಡೆತ್ ವ್ಯಾಲಿಯ ಒಂದು ಒಂಟಿ ಮನೆಯಿಂದ ಹಿಡಿದು ತಂದ, ಕೊಲೆಗಳಿಂದ ಕುಖ್ಯಾತನಾದ ಚಾರ್ಲ್ಸ್ ಮ್ಯಾನ್ಸನ್ ಮತ್ತವನ ಗುಂಪನ್ನು ಮೊದಲು ಕೂಡಿಹಾಕಿದ್ದು ಇಂಡಿಪೆಂಡೆನ್ಸ್‌ನ ಜೈಲಿನಲ್ಲಿ.

ರೈಲು ಊರನ್ನು ಮುಟ್ಟಲಿಲ್ಲ. ಕಾರ್ಸನ್ ಅಂಡ್ ಕೊಲರಾಡೊ ಕಂಪನಿಯ ನ್ಯಾರೋಗೇಜ್ ಹಳಿ 1883ರಲ್ಲಿ ನದಿಯ ಪೂರ್ವ ದಂಡೆಗುಂಟ ಕೀಲರ್ ಎಂಬ ಊರಿನವರೆಗೆ ಬಂತು. ಇಂಡಿಪೆಂಡೆನ್ಸ್‌ನವರು ಗಾಡಿ ಹತ್ತಲು ಕಣಿವೆ ದಾಟಿ ಹೋಗಬೇಕಿತ್ತು. ಪಶ್ಚಿಮಕ್ಕಂತೂ ಇಂದಿಗೂ ದಾರಿಯಿಲ್ಲ. ಊರಿನಿಂದ ಬೆಟ್ಟ ಹತ್ತುವ ರಸ್ತೆ 2,800 ಮೀಟರ್ ಎತ್ತರದ ಆನಿಯನ್ ವ್ಯಾಲಿಯಲ್ಲಿ ನಿಲ್ಲುತ್ತದೆ, ಮುಂದೆ ಕಾಲುದಾರಿ. ರಾಜ್ಯದ ರಾಜಧಾನಿ ಸಾಕ್ರಮೆಂಟೊ ಬೆಟ್ಟದಾಚೆ, ದೂರದ ಸುತ್ತಿನ ದಾರಿ. ನೇರ ದಾರಿಯಿರುವುದು ದಕ್ಷಿಣಕ್ಕೆ, ಸುಮಾರು 360 ಕಿಲೋಮೀಟರ್ ದೂರದ ಲಾಸ್ ಏಂಜಲೀಸ್‌ಗೆ. ನೀರೂ ಅದೇ ದಾರಿ ಹಿಡಿಯಿತು.

ಇಪ್ಪತ್ತನೆಯ ಶತಮಾನ ಶುರುವಾದಾಗ ಊರಿನಲ್ಲಿ ಫೆಡರಲ್ ಸರ್ಕಾರದ ಭೂ ಕಚೇರಿಯೂ ಇತ್ತು. ಅದರ ಅಧಿಕಾರಿ ಸ್ಟಾಫರ್ಡ್ ವಾಲೇಸ್ ಆಸ್ಟಿನ್. ಅವರ ಹೆಂಡತಿ ಮೇರಿ ಆಸ್ಟಿನ್ ಲೇಖಕಿ. ಇಂಡಿಪೆಂಡೆನ್ಸ್‌ನ ಮನೆಯಲ್ಲಿ ಕೂತು ಈ ಮಳೆಯಿಲ್ಲದ ಸೀಮೆಯ ಗಿಡ, ಪ್ರಾಣಿ, ಕುರುಬರು, ಪಯೂಟ್ ಬುಟ್ಟಿ ಹೆಣೆಯುವವರ ಬಗ್ಗೆ ಬರೆದ ಪುಸ್ತಕ 1903ರಲ್ಲಿ ಹೊರಬಂದು ಅಮೆರಿಕದ ನಿಸರ್ಗ ಸಾಹಿತ್ಯದಲ್ಲಿ ನೆಲೆನಿಂತಿತು. ಅದೇ ವರ್ಷಗಳಲ್ಲಿ ಫೆಡರಲ್ ನೀರಾವರಿ ಇಲಾಖೆ ಕಣಿವೆಯ ರೈತರಿಗಾಗಿಯೇ ಒಂದು ಯೋಜನೆಯ ಸರ್ವೆ ನಡೆಸುತ್ತಿತ್ತು. ರೈತರು ಸಂತೋಷದಿಂದ ತಮ್ಮ ಕಾಗದಪತ್ರ ತೋರಿಸಿದರು.

ಆ ಇಲಾಖೆಯ ಕ್ಯಾಲಿಫೋರ್ನಿಯಾ ಮುಖ್ಯಸ್ಥ ಜೆ. ಬಿ. ಲಿಪಿನ್‌ಕಾಟ್, ಲಾಸ್ ಏಂಜಲೀಸ್ ನಗರದಿಂದಲೂ ಸಲಹೆಗಾರನಾಗಿ ಸಂಬಳ ಪಡೆದಿದ್ದರು. ಅವರ ಗೆಳೆಯ, ಲಾಸ್ ಏಂಜಲೀಸ್‌ನ ಮಾಜಿ ಮೇಯರ್ ಫ್ರೆಡ್ ಈಟನ್ ಕಣಿವೆಯಲ್ಲಿ ನದಿದಂಡೆಯ ಜಮೀನು ಕೊಳ್ಳತೊಡಗಿದರು. ಫೆಡರಲ್ ಯೋಜನೆಗೇ ಕೊಳ್ಳುತ್ತಿದ್ದಾರೆಂದು ಹಲವು ರೈತರು ನಂಬಿದ್ದರು. 1905ರ ಜುಲೈ ಕೊನೆಯಲ್ಲಿ ಲಾಸ್ ಏಂಜಲೀಸ್‌ನ ಪತ್ರಿಕೆ ಗುಟ್ಟು ಒಡೆಯಿತು: ನದಿಯನ್ನು ನಗರಕ್ಕೆ ಒಯ್ಯುತ್ತಾರೆ. ಭೂ ಕಚೇರಿಯಲ್ಲಿ ಕೂತು ಈ ಓಡಾಟವನ್ನು ಕಂಡಿದ್ದ ಆಸ್ಟಿನ್ ವಾಷಿಂಗ್ಟನ್‌ಗೆ ದೂರು ಬರೆದರು. ಫಲ ಸಿಗಲಿಲ್ಲ. 1906ರಲ್ಲಿ ಅಧ್ಯಕ್ಷ ಥಿಯೊಡರ್ ರೂಸ್‌ವೆಲ್ಟ್ ಹೆಚ್ಚು ಜನರ ಹಿತ ನಗರದ ಕಡೆಗಿದೆ ಎಂದು ತೀರ್ಮಾನಿಸಿದರು. ಫೆಡರಲ್ ಯೋಜನೆಯನ್ನು ಕೈಬಿಡಲಾಯಿತು. ಮೇರಿ ಆಸ್ಟಿನ್ ಆ ಸುಮಾರಿಗೆ ಕಣಿವೆ ಬಿಟ್ಟು ಹೋದರು.

ನದಿಯನ್ನು ನಗರಕ್ಕೆ ಒಯ್ದ ಕಾಲುವೆ ಎಂಜಿನಿಯರಿಂಗ್‌ನ ಅಚ್ಚರಿ ಎಂಬುದರಲ್ಲಿ ಅನುಮಾನವಿಲ್ಲ. ನಗರದ ಎಂಜಿನಿಯರ್ ವಿಲಿಯಂ ಮಲ್‌ಹಾಲೆಂಡ್ ಅವರ ನೇತೃತ್ವದಲ್ಲಿ 1908ರಿಂದ 1913ರವರೆಗೆ 375 ಕಿಲೋಮೀಟರ್ ಉದ್ದದ ಕಾಲುವೆ, ಸುರಂಗ, ಕೊಳವೆಗಳನ್ನು ಕಟ್ಟಿದರು. ಒಂದೇ ಒಂದು ಪಂಪು ಇಲ್ಲ. ನೀರು ಇಳಿಜಾರಿನ ಬಲದಿಂದಲೇ ಮರುಭೂಮಿ ದಾಟಿ ನಗರ ತಲಪುತ್ತದೆ. ನದಿಯನ್ನು ತಿರುಗಿಸುವ ಜಾಗ ಇಂಡಿಪೆಂಡೆನ್ಸ್‌ನಿಂದ ಉತ್ತರಕ್ಕೆ ಸ್ವಲ್ಪವೇ ದೂರ. 1913ರ ನವೆಂಬರ್ 5ರಂದು ನೀರು ಧುಮುಕಿದಾಗ ಮಲ್‌ಹಾಲೆಂಡ್, ಅಗೋ ಬಂತು, ತಗೊಳ್ಳಿ ಎಂಬರ್ಥದ ಎರಡೇ ಮಾತಾಡಿ ಭಾಷಣ ಮುಗಿಸಿದರಂತೆ. 1900ರಲ್ಲಿ ಒಂದು ಲಕ್ಷದಷ್ಟು ಜನರಿದ್ದ ನಗರದಲ್ಲಿ 1920ಕ್ಕೆ 5,76,000 ಮಂದಿ ಇದ್ದರು.

ಮೊದಲ ಹತ್ತು ವರ್ಷ ಕಣಿವೆಯ ಉತ್ತರ ಭಾಗದ ರೈತರಿಗೆ ಅಷ್ಟಾಗಿ ಬಿಸಿ ತಟ್ಟಲಿಲ್ಲ. 1920ರ ದಶಕದ ಬರದಲ್ಲಿ ನಗರ ಉಳಿದ ಜಮೀನು, ರೈತರ ಕಾಲುವೆ ಸಂಘಗಳನ್ನು ಕೊಳ್ಳಲು ಬಂತು. ಪಕ್ಕದವನು ಮಾರಿದರೆ ತನ್ನ ಹೊಲಕ್ಕೆ ಬರುವ ಕಾಲುವೆಯೂ ಒಣಗುತ್ತದೆ. ಆಮೇಲೆ ತಾನೂ ಮಾರಲೇಬೇಕು. ಹೀಗೆ ಅಣ್ಣತಮ್ಮಂದಿರ ನಡುವೆಯೇ ಮಾತು ನಿಂತಿತು. 1924ರ ಮೇ ತಿಂಗಳಲ್ಲಿ ಯಾರೋ ಕಾಲುವೆಗೆ ಡೈನಮೈಟ್ ಇಟ್ಟರು. ನವೆಂಬರ್ 16ರಂದು ಹಗಲು ಬೆಳಕಿನಲ್ಲೇ ರೈತರು ಹೋಗಿ ಅಲಬಾಮ ಗೇಟ್ಸ್ ಎಂಬಲ್ಲಿ ತೂಬು ತೆರೆದು ನೀರನ್ನು ಹಳೆಯ ನದಿಪಾತ್ರಕ್ಕೆ ಬಿಟ್ಟರು. ನಾಲ್ಕು ದಿನ ಕದಲಲಿಲ್ಲ. ಹೆಂಗಸರು, ಮಕ್ಕಳು ಬಂದು ಸೇರಿದರು, ಅಡುಗೆ ನಡೆಯಿತು, ಸಿನಿಮಾ ಚಿತ್ರೀಕರಣಕ್ಕೆ ಬಂದಿದ್ದ ನಟ ಟಾಮ್ ಮಿಕ್ಸ್ ತನ್ನ ವಾದ್ಯದವರನ್ನು ಕಳಿಸಿದ. ಕಾಲುವೆ ಒಡೆದ ಆರೋಪದ ಮೇಲೆ ಯಾರಿಗೂ ಶಿಕ್ಷೆಯಾಗಲಿಲ್ಲ. ಶೆರೀಫನನ್ನು ಆರಿಸಿದವರು, ಜೂರಿಯಲ್ಲಿ ಕೂರಬೇಕಾದವರು ಅದೇ ನೆರೆಹೊರೆಯವರು.

ಕೋರ್ಟು ಊರವರ ಕೈಯಲ್ಲಿರುವುದರ ಬಲ ಅದು. ಅದರ ಇನ್ನೊಂದು ಮುಖ ಮೂರು ವರ್ಷಕ್ಕೆ ಕಾಣಿಸಿತು. ಪ್ರತಿಭಟನೆಯ ನಾಯಕರಾದ ವಿಲ್ಫ್ರೆಡ್ ಮತ್ತು ಮಾರ್ಕ್ ವಾಟರ್‌ಸನ್ ಸೋದರರು ಕಣಿವೆಯ ಬ್ಯಾಂಕುಗಳ ಒಡೆಯರು. 1927ರ ಆಗಸ್ಟ್‌ನಲ್ಲಿ ಬ್ಯಾಂಕುಗಳ ಬಾಗಿಲು ಮುಚ್ಚಿದವು. ಠೇವಣಿ ಇಟ್ಟವರ ಹಣ ಮುಳುಗಿತು. ಹಣ ದುರುಪಯೋಗದ ಮೊಕದ್ದಮೆ ನಡೆದದ್ದು ಇಂಡಿಪೆಂಡೆನ್ಸ್‌ನ ಆ ಹೊಸ ಕೋರ್ಟಿನಲ್ಲಿ. ವಾದಿಸಿದ ಸರ್ಕಾರಿ ವಕೀಲ ಸೋದರರ ಗೆಳೆಯ, ತೀರ್ಪು ಕೊಟ್ಟ ಜೂರಿ ಅವರ ನೆರೆಯವರು. 36 ಆರೋಪಗಳಲ್ಲಿ ತಪ್ಪಿತಸ್ಥರೆಂದು ತೀರ್ಮಾನವಾಗಿ ಇಬ್ಬರೂ ಸ್ಯಾನ್ ಕ್ವೆಂಟಿನ್ ಜೈಲಿಗೆ ಹೋದರು. ಚಳವಳಿ ಅಲ್ಲಿಗೆ ಮುಗಿಯಿತು. ಮರುವರ್ಷ ಮಾರ್ಚ್‌ನಲ್ಲಿ ಮಲ್‌ಹಾಲೆಂಡ್ ಕಟ್ಟಿಸಿದ ಸೇಂಟ್ ಫ್ರಾನ್ಸಿಸ್ ಅಣೆಕಟ್ಟು ಒಡೆದು 400ಕ್ಕೂ ಹೆಚ್ಚು ಜನ ಸತ್ತರು. ಅವರ ವೃತ್ತಿಜೀವನವೂ ಮುಗಿಯಿತು. ನೀರು ಮಾತ್ರ ನಗರಕ್ಕೆ ಹರಿಯುತ್ತಲೇ ಇತ್ತು.

ಆಮೇಲಿನದು ದಸ್ತಾವೇಜುಗಳ ಕಥೆ. 1930ರ ದಶಕದ ಮೊದಲ ವರ್ಷಗಳ ಹೊತ್ತಿಗೆ ಕಣಿವೆಯ ಕೃಷಿಭೂಮಿಯ ಬಹುಪಾಲು, ಊರುಗಳೊಳಗಿನ ನಿವೇಶನಗಳಲ್ಲೂ ಹೆಚ್ಚಿನವು ಲಾಸ್ ಏಂಜಲೀಸ್ ನಗರದ ಹೆಸರಿಗೆ ಬಂದವು. ಆ ಕ್ರಯಪತ್ರಗಳೆಲ್ಲ ಕಾನೂನಿನಂತೆ ದಾಖಲಾದದ್ದು ಇಂಡಿಪೆಂಡೆನ್ಸ್‌ನ ಪುಸ್ತಕಗಳಲ್ಲೇ. ತನ್ನ ಕೌಂಟಿಯ ಮಾರಾಟವನ್ನು ತಾನೇ ಮೊಹರು ಒತ್ತಿ ಬರೆದಿಟ್ಟುಕೊಂಡ ಊರದು. ಸರೋವರ 1920ರ ದಶಕದಲ್ಲೇ ಬತ್ತಿತು. ಸುಮಾರು 280 ಚದರ ಕಿಲೋಮೀಟರ್ ಉಪ್ಪಿನ ತಳದಿಂದ ಎದ್ದ ಧೂಳು ದಶಕಗಳ ಕಾಲ ಇಡೀ ಅಮೆರಿಕದಲ್ಲೇ ಅತಿ ಕೆಟ್ಟದ್ದೆನಿಸಿತು. ಅದನ್ನು ಅಡಗಿಸಲು ನಗರ ಈಚಿನ ವರ್ಷಗಳಲ್ಲಿ 200 ಕೋಟಿ ಡಾಲರಿಗೂ ಹೆಚ್ಚು ಸುರಿದಿದೆ.

ಪಯೂಟರ ಕೆಲಸವೂ ಹೋಯಿತು. ಹೊಲವೇ ಇಲ್ಲದಲ್ಲಿ ಕೂಲಿ ಎಲ್ಲಿ? 1930ರ ದಶಕದ ಕೊನೆಯಲ್ಲಿ ಫೆಡರಲ್ ಸರ್ಕಾರ ಅವರ ಹೆಸರಿನಲ್ಲಿದ್ದ ಸುಮಾರು 2,900 ಎಕರೆಯನ್ನು ನಗರಕ್ಕೆ ಕೊಟ್ಟು, ಸುಮಾರು 1,400 ಎಕರೆ ಪಡೆದು, ಬಿಷಪ್, ಬಿಗ್ ಪೈನ್, ಲೋನ್ ಪೈನ್‌ಗಳಲ್ಲಿ ವಸತಿ ನೆಲೆ ಮಾಡಿಕೊಟ್ಟಿತು. ಜಮೀನು ಅದಲುಬದಲಾಯಿತು, ಅದರ ನೀರಿನ ಹಕ್ಕಿನ ಲೆಕ್ಕ ಬಗೆಹರಿಯಲಿಲ್ಲ; ಇಂದಿಗೂ ಆ ಜನ ಕೇಳುತ್ತಲೇ ಇದ್ದಾರೆ. ಹಳೆಯ ಸೇನಾ ಶಿಬಿರದ ಜಾಗದಲ್ಲಿರುವ ಫೋರ್ಟ್ ಇಂಡಿಪೆಂಡೆನ್ಸ್ ಪಯೂಟರ ನೆಲೆ ಮಾತ್ರ ಈ ವಿನಿಮಯದ ಹೊರಗೆ ಉಳಿಯಿತು.

ನಗರ ಕೊಂಡು ಖಾಲಿ ಮಾಡಿಸಿದ ಊರುಗಳಲ್ಲಿ ಒಂದು ಮಾನ್ಸನಾರ್. ಇಂಡಿಪೆಂಡೆನ್ಸ್‌ನಿಂದ ದಕ್ಷಿಣಕ್ಕೆ ಹತ್ತು ಕಿಲೋಮೀಟರ್. 1910ರಲ್ಲಿ ಸೇಬು, ಪೇರ್ ತೋಟಗಳ ಊರಾಗಿ ಶುರುವಾಗಿ 1929ಕ್ಕೆ ಮುಗಿದಿತ್ತು. ಜಪಾನಿನೊಡನೆ ಯುದ್ಧ ನಡೆಯುತ್ತಿದ್ದ 1942ರ ಫೆಬ್ರವರಿಯಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಆದೇಶ ಹೊರಡಿಸಿದ ಮೇಲೆ, ಪಶ್ಚಿಮ ಕರಾವಳಿಯ ಜಪಾನೀ ಮೂಲದವರನ್ನು ಕೂಡಿಹಾಕಲು ದೂರದ, ಖಾಲಿಯಾದ, ಒಬ್ಬನೇ ಒಡೆಯನಿರುವ ಜಾಗ ಬೇಕಿತ್ತು. ಸೇನೆ ಅದನ್ನು ಲಾಸ್ ಏಂಜಲೀಸ್ ನಗರದಿಂದ ಪಡೆಯಿತು. ಮುಳ್ಳುತಂತಿಯ ಒಳಗೆ ಒಂದು ಹಂತದಲ್ಲಿ 10,000ಕ್ಕೂ ಹೆಚ್ಚು ಜನರಿದ್ದರು. ಇಡೀ ಕೌಂಟಿಯ ಬೇರಾವ ಊರೂ ಅಷ್ಟು ದೊಡ್ಡದಿರಲಿಲ್ಲ. ಅವರಲ್ಲಿ ಮೂರನೇ ಎರಡರಷ್ಟು ಮಂದಿ ಹುಟ್ಟಿನಿಂದಲೇ ಅಮೆರಿಕದ ಪ್ರಜೆಗಳು. ಪಾಳುಬಿದ್ದ ತೋಟದ ಮರಗಳನ್ನು ಅವರು ಮತ್ತೆ ಫಲಕ್ಕೆ ತಂದರು. 1942ರ ಡಿಸೆಂಬರ್‌ನ ಗಲಭೆಯಲ್ಲಿ ಕಾವಲು ಸೈನಿಕರ ಗುಂಡಿಗೆ ಇಬ್ಬರು ಸತ್ತರು. 1945ರ ನವೆಂಬರ್‌ನಲ್ಲಿ ಶಿಬಿರ ಮುಚ್ಚಿತು.

ಬ್ಯಾರಕ್ಕುಗಳನ್ನು ಕಿತ್ತು ಮಾರಿದರು. ಕೈದಿಗಳೇ ಕಟ್ಟಿದ ಸಭಾಭವನ ಉಳಿಯಿತು; ಇನ್ಯೋ ಕೌಂಟಿ ಅದನ್ನು ರಸ್ತೆ ರಿಪೇರಿ ವಾಹನಗಳ ಗ್ಯಾರೇಜಾಗಿ ದಶಕಗಳ ಕಾಲ ಬಳಸಿತು. 1992ರಲ್ಲಿ ಮಾನ್ಸನಾರ್ ರಾಷ್ಟ್ರೀಯ ಐತಿಹಾಸಿಕ ತಾಣವಾಯಿತು. ಆ ಭವನವೇ ಈಗ ವಸ್ತುಸಂಗ್ರಹ ಕೇಂದ್ರ. ಇಂಡಿಪೆಂಡೆನ್ಸ್‌ನಲ್ಲಿ 1928ರಿಂದ ಇರುವ ಕೌಂಟಿಯ ಮ್ಯೂಸಿಯಂ ಪಯೂಟರ ಬುಟ್ಟಿಗಳನ್ನೂ ಶಿಬಿರದ ಬದುಕಿನ ವಸ್ತುಗಳನ್ನೂ ಒಂದೇ ಸೂರಿನಡಿ ಇಟ್ಟಿದೆ. ಕಣಿವೆಯಿಂದ ಹೊರಗಟ್ಟಿಸಿಕೊಂಡವರು, ಕಣಿವೆಗೆ ಅಟ್ಟಿಸಿಕೊಂಡವರು ಇಬ್ಬರ ದಾಖಲೆಯೂ ಅಲ್ಲಿ ಅಕ್ಕಪಕ್ಕದಲ್ಲಿದೆ. 

1970ರಲ್ಲಿ ಲಾಸ್ ಏಂಜಲೀಸ್ ಎರಡನೆಯ ಕಾಲುವೆ ತೆರೆಯಿತು. ಅದನ್ನು ತುಂಬಿಸಲು ನದಿ ಸಾಲದೆ ಬೋರ್‌ವೆಲ್‌ಗಳಿಂದ ಅಂತರ್ಜಲ ಎತ್ತತೊಡಗಿತು. ಇಂಡಿಪೆಂಡೆನ್ಸ್‌ನ ಸುತ್ತಮುತ್ತಲ ಚಿಲುಮೆಗಳು ಬತ್ತಿದವು, ಹುಲ್ಲುಗಾವಲು ಒಣಗಿತು. ಈ ಬಾರಿ ಕಣಿವೆಯವರು ಡೈನಮೈಟ್ ಹಿಡಿಯಲಿಲ್ಲ. ಅದೇ 1970ರಲ್ಲಿ ಕ್ಯಾಲಿಫೋರ್ನಿಯಾ ಹೊಸ ಪರಿಸರ ಕಾಯ್ದೆ ತಂದಿತ್ತು. ಸರ್ಕಾರಿ ಸಂಸ್ಥೆಗಳು ದೊಡ್ಡ ಯೋಜನೆಗೆ ಮುನ್ನ ಅದರ ಪರಿಣಾಮವನ್ನು ಅಧ್ಯಯನ ಮಾಡಿ ಜನರ ಮುಂದಿಡಬೇಕು ಎಂಬುದು ಅದರ ತಿರುಳು. 1972ರಲ್ಲಿ ಇನ್ಯೋ ಕೌಂಟಿ ಆ ಕಾಯ್ದೆ ಹಿಡಿದು ನಗರದ ಮೇಲೆ ದಾವೆ ಹೂಡಿತು. ಮರುವರ್ಷ ಮೇಲ್ಮನವಿ ನ್ಯಾಯಾಲಯ ಕೌಂಟಿಯ ವಾದವನ್ನು ಒಪ್ಪಿ, ಅಂತರ್ಜಲ ಎತ್ತುವುದಕ್ಕೂ ವರದಿ ಬೇಕು ಎಂದಿತು.

ಸುಮಾರು ಇಪ್ಪತ್ತು ವರ್ಷ ಎಳೆದಾಡಿದ ಮೇಲೆ 1991ರಲ್ಲಿ ನಗರ ಮತ್ತು ಕೌಂಟಿ ದೀರ್ಘಾವಧಿ ಒಪ್ಪಂದಕ್ಕೆ ಬಂದವು. ಗಿಡಮರಗಳ ಸ್ಥಿತಿ ನೋಡಿ ಪಂಪು ನಿಲ್ಲಿಸಬೇಕು ಎಂಬುದು ಅದರ ಮುಖ್ಯ ಷರತ್ತು. 2006ರ ಡಿಸೆಂಬರ್‌ನಲ್ಲಿ ಸುಮಾರು 100 ಕಿಲೋಮೀಟರ್ ಉದ್ದದ ಸತ್ತ ನದಿಪಾತ್ರಕ್ಕೆ ಮತ್ತೆ ನೀರು ಬಿಟ್ಟರು. ಜೊಂಡು ಬೆಳೆಯಿತು, ಹಕ್ಕಿ, ಮೀನು ಬಂದವು. ಸರೋವರ ತಲಪುವ ಮುನ್ನ ಆ ನೀರಿನ ಬಹುಪಾಲನ್ನು ಪಂಪು ಮಾಡಿ ಮತ್ತೆ ಕಾಲುವೆಗೇ ಸೇರಿಸುತ್ತಾರೆ. ಒಪ್ಪಂದದ ನದಿ ಹೀಗೇ ಇರುತ್ತದೆ: ಹರಿಯುತ್ತದೆ, ಆದರೆ ಲೆಕ್ಕ ಕೊಟ್ಟು ಹರಿಯುತ್ತದೆ.

ಇವತ್ತು ಇನ್ಯೋ ಕೌಂಟಿಯ ನೆಲದಲ್ಲಿ ಶೇ 90ಕ್ಕೂ ಹೆಚ್ಚು ಫೆಡರಲ್ ಸರ್ಕಾರದ್ದು. ಉಳಿದದ್ದರಲ್ಲಿ ದೊಡ್ಡ ಪಾಲು ಲಾಸ್ ಏಂಜಲೀಸ್‌ನದು. ಖಾಸಗಿಯವರ ಕೈಯಲ್ಲಿರುವುದು ಶೇ 2ಕ್ಕೂ ಕಡಿಮೆ. ಇಂಡಿಪೆಂಡೆನ್ಸ್ ಬೆಳೆಯಬೇಕೆಂದರೂ ಮನೆ ಕಟ್ಟಲು ಜಾಗವಿಲ್ಲ. ಬೆಟ್ಟದ ಚಾರಣಿಗರು ಇಳಿದು ಬಂದು ಎರಡು ದಿನ ತಂಗುತ್ತಾರೆ. ಹೆದ್ದಾರಿಯ ಕಾರುಗಳು ನಿಧಾನಿಸಿ ಮುಂದೆ ಹೋಗುತ್ತವೆ. ಸಂಬಳದ ಕೆಲಸವೆಂದರೆ ಹೆಚ್ಚಾಗಿ ಕೌಂಟಿಯದು. ಇದರ ಇನ್ನೊಂದು ಮಗ್ಗುಲನ್ನೂ ಹೇಳಬೇಕು. ನಗರವೇ ಒಡೆಯನಾದ್ದರಿಂದ ಕಣಿವೆಯಲ್ಲಿ ಬಡಾವಣೆಗಳು ಏಳಲಿಲ್ಲ, ನೋಟ ಬಯಲಾಗಿಯೇ ಉಳಿಯಿತು. ಕ್ಯಾಲಿಫೋರ್ನಿಯಾದ ಸಂವಿಧಾನಕ್ಕೆ 1914ರಲ್ಲಿ ತಂದ ತಿದ್ದುಪಡಿಯಿಂದಾಗಿ, ನಗರ ತನ್ನ ಗಡಿಯ ಹೊರಗೆ ಕೊಂಡ ಇಂಥ ಜಮೀನಿಗೆ ಆಸ್ತಿ ತೆರಿಗೆಯನ್ನೂ ಕಟ್ಟಬೇಕು. ಕೌಂಟಿಯ ಬೊಕ್ಕಸಕ್ಕೆ ಅದು ದೊಡ್ಡ ಆಸರೆ.

ಆದರೆ ಒಡೆತನ ಎಲ್ಲಿಯವರೆಗೆ ಮುಟ್ಟಿದೆ ಎಂದರೆ, ಇಂಡಿಪೆಂಡೆನ್ಸ್ ತನ್ನ ಕಸ ಸುರಿಯುವ ಜಾಗವನ್ನೂ ಲಾಸ್ ಏಂಜಲೀಸ್‌ನಿಂದ ಗುತ್ತಿಗೆಗೆ ಪಡೆಯಬೇಕು. 2017ರಲ್ಲಿ ಕೌಂಟಿ ತಿರುಗಿ ನಿಂತಿತು. ಸಾರ್ವಜನಿಕ ಉದ್ದೇಶಕ್ಕೆ ಭೂಮಿಯನ್ನು ಪರಿಹಾರ ಕೊಟ್ಟು ವಶಪಡಿಸಿಕೊಳ್ಳುವ ಅಧಿಕಾರ ಅಲ್ಲಿ ಕೌಂಟಿಗೂ ಇದೆ. ಬಿಷಪ್, ಇಂಡಿಪೆಂಡೆನ್ಸ್, ಲೋನ್ ಪೈನ್‌ಗಳ ಮೂರು ಕಸದ ಜಾಗಗಳನ್ನು ನಗರದಿಂದ ವಶಪಡಿಸಿಕೊಳ್ಳಲು ಹೊರಟಿತು. 19,000 ಜನರ ಕೌಂಟಿ 39 ಲಕ್ಷ ಜನರ ನಗರದ ಭೂಮಿಗೆ ಕೈಹಾಕಿತ್ತು. ನಗರ ಕೋರ್ಟಿಗೆ ಹೋಯಿತು. ಕಸದ ಜಾಗಗಳ ಪರಿಸರ ಪರಿಣಾಮವನ್ನು ಕೌಂಟಿ ಸರಿಯಾಗಿ ಅಧ್ಯಯನ ಮಾಡಿಲ್ಲ ಎಂಬುದು ಅದರ ವಾದ. 2021ರಲ್ಲಿ ಮೇಲ್ಮನವಿ ನ್ಯಾಯಾಲಯ ನಗರದ ಪರ ತೀರ್ಪಿತ್ತಿತು. ಆಧಾರವಾದ ಕಾಯ್ದೆ ಯಾವುದೆಂದರೆ, 1972ರಲ್ಲಿ ಕೌಂಟಿ ನಗರದ ಮೇಲೆ ಹಿಡಿದ ಅದೇ ಪರಿಸರ ಕಾಯ್ದೆ.

ಹಾಗಾದರೆ ಇಂಡಿಪೆಂಡೆನ್ಸ್‌ಗೆ ಕಚೇರಿ ಇದ್ದು ಏನು ಪ್ರಯೋಜನ ಎಂದು ಕೇಳುವವರಿಗೆ ಎರಡೂ ತೀರ್ಪುಗಳನ್ನು ಜೊತೆಗಿಟ್ಟು ತೋರಿಸಬಹುದು. ಕೋರ್ಟು ಚಿಕ್ಕ ಊರಿಗೆ ಗೆಲುವಿನ ಭರವಸೆ ಕೊಡುವುದಿಲ್ಲ. ಎದುರು ಕೂತು ವಾದಿಸುವ ಹಕ್ಕು ಕೊಡುತ್ತದೆ. 1905ರಲ್ಲಿ ಕಣಿವೆಯ ಪರವಾಗಿ ವಾಷಿಂಗ್ಟನ್‌ಗೆ ಹೋದದ್ದು ಒಂದು ದೂರಿನ ಪತ್ರ. ಅದಕ್ಕೆ ಉತ್ತರ ಕೊಡಲೇಬೇಕೆಂಬ ಕಟ್ಟು ಯಾರಿಗೂ ಇರಲಿಲ್ಲ. ಈಗ ಹೋಗುವುದು ದಾವೆ. ನಗರ ಎಷ್ಟೇ ದೊಡ್ಡದಾಗಿರಲಿ, ಅದಕ್ಕೆ ವಕೀಲರನ್ನಿಟ್ಟು ಉತ್ತರ ಕೊಡಲೇಬೇಕು.